ಮೂರನೇ ರಿಚರ್ಡ್‌ನ ಗಾಯಗಳ ಮಾದರಿ: ಬುರುಡೆಯ ತಳಭಾಗ ಮುಗಿಯಿತು

ಈ ವಾರ ಬುರುಡೆಯ ತಳಭಾಗ ಮುಗಿಯಿತು. ಹೊಸಬರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮೆಡಿಕಲ್ ವಿದ್ಯಾರ್ಥಿಗಳು ಬಳಸುವ ಪ್ಲಾಸ್ಟಿಕ್ ತಲೆಬುರುಡೆಯ ಮೇಲೆ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ಗೆ ಆದ ಗಾಯಗಳನ್ನು ಒಂದೊಂದಾಗಿ ಕೆತ್ತುತ್ತಿದ್ದೇನೆ. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಸತ್ತ ದೊರೆ ಇವನು. ಅಸ್ಥಿಪಂಜರ ಸಿಕ್ಕಿದ್ದು 2012ರಲ್ಲಿ, ಲೆಸ್ಟರ್ ನಗರದ ಒಂದು ಕಾರ್ ಪಾರ್ಕಿಂಗ್ ಕೆಳಗೆ. ಅಲ್ಲಿನ ವಿಶ್ವವಿದ್ಯಾಲಯದವರು ಮೂಳೆಗಳನ್ನು ಸಿ.ಟಿ., ಮೈಕ್ರೋ ಸಿ.ಟಿ. ಸ್ಕ್ಯಾನ್ ಮಾಡಿ, 2014ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಕೊಟ್ಟರು. ಸಾವಿನ ಹೊತ್ತಿಗೆ ಆದ ಗಾಯಗಳು 11. ಅದರಲ್ಲಿ 9 ತಲೆಗೇ.

ತಳಭಾಗದಲ್ಲಿ ಎರಡು ದೊಡ್ಡ ಗಾಯಗಳಿವೆ. ಒಂದರಲ್ಲಿ ಮೂಳೆಯ ಒಂದು ಭಾಗವೇ ಕತ್ತರಿಸಿ ಹೋಗಿದೆ. ಕತ್ತಿ ಇರಬಹುದು, ಉದ್ದ ಕೋಲಿಗೆ ಸಿಕ್ಕಿಸಿದ ಅಲಗೂ ಇರಬಹುದು. ಇನ್ನೊಂದು ಚೂಪಾದ ತುದಿಯ ಇರಿತ. ಆ ತುದಿ ಒಳಗೆ ನುಗ್ಗಿ ಎದುರು ಬದಿಗೆ ತಾಗಿದ ಗುರುತೂ ಇದೆ. ಸಾವು ಬಂದದ್ದು ಬಹುಶಃ ಈ ಎರಡರಲ್ಲಿ ಒಂದರಿಂದ. ನೆತ್ತಿಯ ಕೆಲವು ಗಾಯಗಳು ಬೇರೆ ಥರ. ಅಲಗು ಸವರಿ ಮೇಲಿನ ತೆಳು ಪದರ ಮಾತ್ರ ಹಾರಿದೆ.

ಕೆತ್ತುವಾಗ ಜಾಸ್ತಿ ಹೊತ್ತು ಹಿಡಿದದ್ದು ಅಂಚುಗಳಿಗೆ. ಹಸಿ ಮೂಳೆಗೆ ಹರಿತವಾದ ಅಲಗು ಬಿದ್ದರೆ ಕೊಯ್ದ ಮುಖ ನುಣುಪಾಗಿರುತ್ತದೆ. ಒಣಗಿದ ಮೂಳೆ ಒರಟಾಗಿ ಮುರಿಯುತ್ತದೆ, ಮುರಿದ ಜಾಗದ ಬಣ್ಣವೂ ಬೇರೆ. ಮೂಳೆ ಮತ್ತೆ ಬೆಳೆದ ಸುಳಿವು ಒಂಚೂರೂ ಇಲ್ಲದಿದ್ದರೆ ಗಾಯ ಸಾವಿಗಿಂತ ಬಹಳ ಮೊದಲು ಆದದ್ದಲ್ಲ. ಹಾಗಾಗಿ ಒರಟು ಅರ ಬಿಟ್ಟು, ನಯವಾದ ಅರದಲ್ಲೇ ಉಜ್ಜಿದೆ. ಕೆಂಪು ಬಣ್ಣ ಬೇಡವೇ ಬೇಡ ಅಂತ ತೀರ್ಮಾನಿಸಿದ್ದೇನೆ. ಇದು ಒಬ್ಬ ಮನುಷ್ಯನ ಸಾವು, ಜಾತ್ರೆಯ ಬೊಂಬೆಯಲ್ಲ.

ಕೆಲಸ ಮಾಡುತ್ತಾ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಗಾಯವೇ ಇಲ್ಲದ ಜಾಗ. ಯಾರಾದರೂ ಕತ್ತಿ ಬೀಸಿದರೆ ನಾವು ಕೈ ಅಡ್ಡ ಹಿಡಿಯುತ್ತೇವೆ ಅಲ್ವಾ? ಇರಿತದ ಸಾವುಗಳಲ್ಲಿ ವೈದ್ಯರು ಅಂಗೈ, ಮುಂಗೈಗಳನ್ನು ಅಷ್ಟು ಗಮನವಿಟ್ಟು ನೋಡುವುದು ಅದಕ್ಕೇ. ರಿಚರ್ಡ್‌ನ ಕೈ ಮೂಳೆಗಳಲ್ಲಿ ಅಂಥ ಗುರುತಿಲ್ಲ. ಮೈ ಕೈಗೆ ಕವಚ ಇನ್ನೂ ಇತ್ತು, ತಲೆಗೆ ಮಾತ್ರ ಶಿರಸ್ತ್ರಾಣ ಇರಲಿಲ್ಲ ಅಂತ ತಜ್ಞರು ಹೇಳುವುದು ಇದರಿಂದ ಮತ್ತು ತಲೆಯ ಗಾಯಗಳಿಂದ. ಬರೀ ಗಾಯ ಎಣಿಸಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲ. ಹಾಗಂತ ಎಲ್ಲವನ್ನೂ ಮೂಳೆಯಿಂದ ಹೇಳಿಸಲು ಆಗುವುದಿಲ್ಲ. ಮಾಂಸಕ್ಕಷ್ಟೇ ತಾಗಿದ ಗಾಯಗಳು ಮಣ್ಣಿನಲ್ಲೇ ಕರಗಿ ಹೋಗಿವೆ. ಗಾಯಗಳು ಒಂದರ ಮೇಲೊಂದು ಬೀಳದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಅಂತಲೂ ತಿಳಿಯುವುದಿಲ್ಲ. ಆದ್ದರಿಂದ ಮಾದರಿಯ ಮೇಲೆ ಅಂಕಿ ಬರೆಯುತ್ತಿಲ್ಲ. ಬರೆದರೆ ನೋಡಿದವರು ಅದನ್ನೇ ಕ್ರಮ ಅಂದುಕೊಳ್ಳುತ್ತಾರೆ.

ಇನ್ನು ಉಳಿದದ್ದು ಪಕ್ಕೆಲುಬು ಮತ್ತು ಸೊಂಟದ ಮೂಳೆ. ಸೊಂಟದ ಗಾಯ ಹಿಂದಿನಿಂದ ಆದದ್ದು. ಕವಚ ಇದ್ದಿದ್ದರೆ ಅಲ್ಲಿಗೆ ಅಲಗು ಹೋಗುವುದು ಕಷ್ಟ. ಸತ್ತ ಮೇಲೆ, ಕವಚ ಕಳಚಿದಾಗ ಇರಿದಿರಬೇಕು. ಬೆತ್ತಲೆ ಶವವನ್ನು ಕುದುರೆಯ ಮೇಲೆ ಹೇರಿಕೊಂಡು ಹೋದರೆಂದು ಹಳೆಯ ಬರಹಗಳೂ ಹೇಳುತ್ತವೆ. ಸರಿಯಾದ ಅಳತೆಯ ಸೊಂಟದ ಮಾದರಿ ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಪಕ್ಕೆಲುಬಿನ ಕೆಲಸ ಹಿಡಿಯುತ್ತೇನೆ.