ಮುತ್ತಜ್ಜನ ತಂದೆಯ ಮನೆ ಎಲ್ಲಿತ್ತು: ಎಂಟನೆಯ ತಿಂಗಳ ಟಿಪ್ಪಣಿ

ನನ್ನ ಮುತ್ತಜ್ಜನ ತಂದೆ ಮಂಗಳೂರಿನಲ್ಲಿ ಯಾವ ಯಾವ ಮನೆಗಳಲ್ಲಿ ವಾಸವಾಗಿದ್ದರು ಎಂಬುದನ್ನು ದಾಖಲೆಗಳಿಂದ ಗುರುತಿಸುವ ಕೆಲಸವನ್ನು ಕಳೆದ ಮಳೆಗಾಲದಲ್ಲಿ ಆರಂಭಿಸಿದ್ದೆ. ಈವರೆಗೆ ಮೂರು ವಾಸಸ್ಥಳಗಳ ಹೆಸರು ಸಿಕ್ಕಿವೆ. ಅವುಗಳಲ್ಲಿ ಒಂದನ್ನು ಮಾತ್ರ ಅದೇ ನೆಲದ ಮೇಲೆ ನಿಂತು ನೋಡಲು ಸಾಧ್ಯವಾಗಿದೆ.

ಮೊದಲ ಎರಡು ತಿಂಗಳನ್ನು ಜನಗಣತಿಗಾಗಿ ವ್ಯಯಿಸಿದೆ. ಇಂಗ್ಲೆಂಡಿನಲ್ಲಿ ಗಣತಿಯ ಮನೆವಾರು ಹಾಳೆಗಳನ್ನು ನೂರು ವರ್ಷ ಕಳೆದ ಬಳಿಕ ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರ ಹಾಳೆಗಳು 2022ರಲ್ಲಿ ತೆರೆದವು. ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಯಲ್ಲೂ 1871ರಿಂದ ಗಣತಿ ನಡೆದಿರುವುದರಿಂದ ಅಂಥ ಹಾಳೆಗಳು ಎಲ್ಲಾದರೂ ಇರಬಹುದೆಂದು ನಂಬಿದ್ದೆ. ಆದರೆ ಇಲ್ಲಿ ಲೆಕ್ಕ ಕೂಡಿಸಿದ ಮೇಲೆ ಮನೆವಾರು ಹಾಳೆಗಳನ್ನು ಉಳಿಸಿಕೊಳ್ಳಲಿಲ್ಲ; ಉಳಿದಿರುವುದು ಅಚ್ಚಾದ ಕೋಷ್ಟಕಗಳು ಮಾತ್ರ. ಸ್ವಾತಂತ್ರ್ಯಾನಂತರದ ಹಾಳೆಗಳನ್ನಂತೂ 1948ರ ಜನಗಣತಿ ಕಾಯಿದೆಯ ಪ್ರಕಾರ ಯಾರೂ ನೋಡುವಂತಿಲ್ಲ. 1901ರಲ್ಲಿ ಮಂಗಳೂರು ಪಟ್ಟಣದ ಜನಸಂಖ್ಯೆ 44,108 ಎಂದು ಕೋಷ್ಟಕ ಹೇಳುತ್ತದೆ. ಆ ಸಂಖ್ಯೆಯೊಳಗೆ ನಮ್ಮವರೂ ಇದ್ದಾರೆ ಎಂಬುದಕ್ಕಿಂತ ಹೆಚ್ಚಿನದೇನೂ ಅದರಿಂದ ತಿಳಿಯುವುದಿಲ್ಲ.

ಆದ್ದರಿಂದ ನಮ್ಮ ಕ್ರೈಸ್ತ ಸಭೆಯ ದಾಖಲೆ ಪುಸ್ತಕಗಳತ್ತ ತಿರುಗಿದೆ. ನಮ್ಮದು 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪರಂಪರೆಯ ಕುಟುಂಬ. ಆರಾಧನೆಯ ಭಾಷೆ ಕನ್ನಡ, ಮನೆಮಾತು ತುಳು. ಸಭಾಪಾಲಕರ ಅನುಮತಿ ಪಡೆದು, ಅವರ ಕೋಣೆಯಲ್ಲಿಯೇ ಕುಳಿತು, ದೀಕ್ಷಾಸ್ನಾನದ ಪುಸ್ತಕದಲ್ಲಿ ಮುತ್ತಜ್ಜನನ್ನು ಮಾತ್ರವಲ್ಲ, ಅವರ ಒಡಹುಟ್ಟಿದವರೆಲ್ಲರನ್ನೂ ಹುಡುಕಿದೆ. ಈ ಕ್ರಮವೇ ಫಲ ಕೊಟ್ಟಿತು ಎಂದು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಒಂದು ಮಗುವಿನ ನಮೂದು ಒಂದು ದಿನದ ವಾಸವನ್ನು ಮಾತ್ರ ತಿಳಿಸಿದರೆ, ಮಕ್ಕಳೆಲ್ಲರ ನಮೂದುಗಳನ್ನು ವರ್ಷಕ್ಕನುಸಾರ ಜೋಡಿಸಿದಾಗ ಕುಟುಂಬವು ನಡೆದುಬಂದ ದಾರಿಯೇ ಕಾಣಿಸುತ್ತದೆ. 1884ರಲ್ಲಿ ತಂದೆಯ ಕಸುಬು ನೇಯ್ಗೆ, ವಾಸ ಬಲ್ಮಠ. 1889ರಲ್ಲಿ ಕಸುಬು ಹಂಚಿನ ಕೆಲಸ, ವಾಸ ಜೆಪ್ಪು. ಮಿಷನ್ನಿನ ನೇಯ್ಗೆ ಶಾಲೆ ಬಲ್ಮಠದ ಗುಡ್ಡದಲ್ಲಿತ್ತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ನೇತ್ರಾವತಿಯ ದಡದ ಜೆಪ್ಪುವಿನಲ್ಲಿತ್ತು. ಮಗ್ಗ ಬಿಟ್ಟು ಆವೆಮಣ್ಣಿಗೆ ಕೈಹಾಕಿದ ಮನುಷ್ಯನು ಮನೆಯನ್ನೂ ಗುಡ್ಡದಿಂದ ಹೊಳೆಯ ಕಡೆಗೆ ಇಳಿಸಿದ್ದನು.

1893ರ ನಮೂದು ನನ್ನನ್ನು ಬಹಳ ದಿನ ಕಾಡಿತು. ಶಾಯಿ ಕಂದಾಗಿ, ಕಾಗದದ ಆಚೆ ಬದಿಯ ಅಕ್ಷರಗಳೂ ಈಚೆಗೆ ಮೂಡಿದ್ದವು. ವಾಸದ ಅಂಕಣದಲ್ಲಿ ‘ಕೆರೆಬರಿ’ ಎಂದಿತ್ತು. ‘ಬರಿ’ ಎಂಬುದನ್ನು ನಾನು ಕನ್ನಡದ ಪದವೆಂದೇ ಓದಿ, ಬರೆದವರ ಕೈತಪ್ಪಿರಬೇಕೆಂದು ಬದಿಗಿಟ್ಟೆ. ದೊಡ್ಡಮ್ಮನಿಗೆ ನಕಲನ್ನು ಓದಿ ಹೇಳಿದಾಗ, “ಬರಿ ಅಂದರೆ ತುಳುವಿನಲ್ಲಿ ಬದಿ ಅಲ್ಲವೇ ಮಗಾ, ಕೆರೆಯ ಬದಿಯ ಮನೆ” ಎಂದರು. ಮನೆಯಲ್ಲಿ ದಿನವೂ ಆಡುವ ಮಾತು ಪುಸ್ತಕದಲ್ಲಿ ಕಂಡಾಗ ನನಗೆ ಹೊಳೆದಿರಲಿಲ್ಲ. ಆ ಕಾಲದ ವಿಳಾಸಕ್ಕೆ ಬಾಗಿಲ ಸಂಖ್ಯೆ ಇರಲಿಲ್ಲ. ನೆರೆಯವರು ಕರೆಯುತ್ತಿದ್ದ ಹೆಸರೇ ವಿಳಾಸ. ಪಾಲಕರು ಅದನ್ನು ಕೇಳಿದಂತೆಯೇ ಬರೆದಿದ್ದರು.

ಈ ನಡುವೆ ಒಂದು ತಪ್ಪೂ ಆಯಿತು. ಅದೇ ಹೆಸರಿನ ಇನ್ನೊಬ್ಬ ಕಾರ್ಖಾನೆ ಕೆಲಸಗಾರನ ಇಬ್ಬರು ಮಕ್ಕಳನ್ನು ನಮ್ಮ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ತಾಯಿಯ ಹೆಸರನ್ನೂ ದೀಕ್ಷಾಸಾಕ್ಷಿಗಳ ಹೆಸರನ್ನೂ ಹೋಲಿಸಿದ ಮೇಲೆ ಅವರನ್ನು ತೆಗೆದುಹಾಕಿದ್ದೇನೆ.

ಕೆರೆ ಯಾವುದು ಎಂಬ ಪ್ರಶ್ನೆ ಉಳಿದಿತ್ತು, ಏಕೆಂದರೆ ಜೆಪ್ಪುವಿನ ಕಡೆ ಗುಜ್ಜರಕೆರೆಯೂ ಇದೆ, ಎಮ್ಮೆಕೆರೆಯೂ ಇದೆ. ಉತ್ತರ ಸಿಕ್ಕಿದ್ದು ಸಂಬಂಧಿಕರೊಬ್ಬರ ಟ್ರಂಕಿನಲ್ಲಿದ್ದ 1911ರ ಮೂಲಗೇಣಿ (ಶಾಶ್ವತ ಗೇಣಿ) ಚೀಟಿನಲ್ಲಿ. ಅದರ ಚಕ್ಕುಬಂದಿ, ಅಂದರೆ ನಾಲ್ಕು ಕಡೆಯ ಗಡಿ, ಹೀಗಿದೆ: ಮೂಡಕ್ಕೆ ತೋಡು (ಸಣ್ಣ ಹಳ್ಳ), ತೆಂಕಕ್ಕೆ ಕಟ್ಟಪುಣಿ (ಗದ್ದೆಯ ಬದು), ಪಡುವಕ್ಕೆ ಗುಜ್ಜರಕೆರೆಗೆ ಹೋಗುವ ಕಾಲುದಾರಿ, ಬಡಗಕ್ಕೆ ವರ್ಗದಾರರ (ಜಮೀನಿನ ಒಡೆಯರ) ಇನ್ನೊಂದು ಹಿತ್ತಿಲು. ಚೀಟಿನಲ್ಲಿ ಸರ್ವೆ ನಂಬರೂ ಇತ್ತು. ಮಂಗಳೂರಿನ ಇಂದಿನ ಕ್ರಯಪತ್ರಗಳಲ್ಲಿ ಆರ್.ಎಸ್. (ಮರುಸರ್ವೆ) ನಂಬರನ್ನೂ ಟಿ.ಎಸ್. (ಪಟ್ಟಣ ಸರ್ವೆ) ನಂಬರನ್ನೂ ಒಟ್ಟಿಗೆ ಬರೆಯುವ ರೂಢಿ ಇರುವುದರಿಂದ ಹಳೆಯದನ್ನು ಇಂದಿನ ಜಾಗಕ್ಕೆ ಹೊಂದಿಸಲು ಸಾಧ್ಯವಾಯಿತು. ಭೂದಾಖಲೆಗಳ ಕಚೇರಿಯಿಂದ ಜಾಗದ ಅಳತೆ ತೋರಿಸುವ ಎಫ್‌ಎಂಬಿ ನಕ್ಷೆಯ ಪ್ರತಿಯನ್ನೂ ಪಡೆದೆ. ನಕ್ಷೆಯ ಮೂಡು ಗೆರೆಯ ಬಾಗು ಚೀಟು ಹೇಳುವ ತೋಡಿನ ಕಡೆಗೇ ಇದೆ.

ಕಳೆದ ಭಾನುವಾರ ಆರಾಧನೆ ಮುಗಿಸಿ ದೊಡ್ಡಮ್ಮನನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ಮನೆ ಉಳಿದಿಲ್ಲ, ಈಗ ಅಲ್ಲಿ ಮೂರು ಮಹಡಿಯ ಕಟ್ಟಡವಿದೆ. ತೋಡು ಸಿಮೆಂಟಿನ ಚರಂಡಿಯಾಗಿದೆಯಾದರೂ ಅದರ ಬಾಗು ನಕ್ಷೆಯಲ್ಲಿದ್ದಂತೆಯೇ ಇದೆ. ಕಾಂಪೌಂಡಿನ ಮೂಲೆಯಲ್ಲಿ ಅರ್ಧ ಹೂತಿದ್ದ ಮುರಕಲ್ಲೊಂದನ್ನು ದೊಡ್ಡಮ್ಮ ಕೈಯಿಂದ ಸವರಿದರು. ಅದು ಗಡಿಕಲ್ಲೇ ಎಂದು ಹೇಳಲು ಆಧಾರವಿಲ್ಲದ ಕಾರಣ ಅದನ್ನು ದಾಖಲೆಗೆ ಸೇರಿಸಿಲ್ಲ.

ಮುಂದಿನ ಕೆಲಸ ಬಲ್ಮಠದ ಮನೆ. ಅದಕ್ಕೆ ಚೀಟು ಇಲ್ಲ, ಮಿಷನ್ನಿನ ಜಾಗದಲ್ಲೇ ಇದ್ದಿರುವ ಸಂಭವವಿದೆ. ಆದ್ದರಿಂದ ಬಾಸೆಲ್ಲಿನ ಸಂಗ್ರಹದಲ್ಲಿರುವ ಹಳೆಯ ನಕ್ಷೆಗಳನ್ನು ನೋಡಲು ಆರಂಭಿಸಿದ್ದೇನೆ.