2026ರ ಗುರಿ ಹಾಳೆ: ‘ಮಾಡಬಾರದು’ ಸಾಲಿಗೆ ಕೊನೆಗೂ ಟಿಕ್ ಬಿತ್ತು

ವರ್ಷದ ಗುರಿಗಳನ್ನು ಬರೆದು ದಿನಕ್ಕೊಂದು ಚೌಕದಲ್ಲಿ ಟಿಕ್ ಹಾಕಲು ನಾನೇ ಗೆರೆ ಎಳೆದುಕೊಳ್ಳುವ ಡೈರಿ ಇದು. ವರ್ಷದ ಪುಟ, ಮೂರು ತಿಂಗಳಿಗೊಮ್ಮೆ ಪರಿಶೀಲನೆ, ವಾರದ ಪುಟ ಎಲ್ಲ ಹೋದ ಸಲದ ವಿನ್ಯಾಸವೇ. ಗುರಿಗಳನ್ನು ಸ್ಮಾರ್ಟ್ ಸೂತ್ರಕ್ಕೆ (ಗುರಿ ನಿಖರವಾಗಿರಬೇಕು, ಅಳೆಯುವಂತಿರಬೇಕು, ಗಡುವಿರಬೇಕು ಎನ್ನುವಂಥ ಐದು ಅಂಶಗಳ ಪಟ್ಟಿ) ಕೂರಿಸುವುದನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ. ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ: 1981ರಲ್ಲಿ ಜಾರ್ಜ್ ಡೋರನ್ ಅದನ್ನು ಬರೆದದ್ದು ಕಂಪನಿಗಳ ಮ್ಯಾನೇಜರುಗಳಿಗೆ. ಅದರಲ್ಲಿ ‘ಈ ಕೆಲಸ ಯಾರಿಗೆ ವಹಿಸುವುದು’ ಅಂತಲೂ ಒಂದು ಅಂಶವಿತ್ತು. ನನ್ನ ಹಾಳೆಯಲ್ಲಿ ಆ ಕಾಲಂ ತುಂಬ ಒಂದೇ ಹೆಸರು. ಆ ನೌಕರನ ಮೇಲೆ ದೂರು ಬೇಕಾದಷ್ಟಿದೆ, ಆದರೆ ಕೆಲಸದಿಂದ ತೆಗೆಯೋ ಹಾಗಿಲ್ಲ.

ತಲೆ ತಿಂದದ್ದು ಒಂದೇ ಒಂದು ಸಾಲು: ‘ರಾತ್ರಿ ಹಾಸಿಗೆಯಲ್ಲಿ ಫೋನ್ ನೋಡಬಾರದು’.

ನಡಿಗೆ, ಓದು, ಉಳಿತಾಯ ಇವಕ್ಕೆಲ್ಲ ಟಿಕ್ ಹಾಕುವುದು ಸುಲಭ. ಕೆಲಸ ಮುಗಿಯಿತು, ಚೌಕ ತುಂಬಿತು. ಮಾಡದೇ ಇದ್ದದ್ದಕ್ಕೆ ಯಾವಾಗ ಟಿಕ್ ಹಾಕಬೇಕು? ಮಲಗುವ ಮೊದಲು ಹಾಕಿದರೆ ರಾತ್ರಿ ಇನ್ನೂ ಬಾಕಿ ಇದೆ. ಬೆಳಗ್ಗೆ ಎದ್ದು ಹಾಕಿದರೆ ನಿನ್ನೆಯ ಚೌಕಕ್ಕೋ ಇವತ್ತಿನದಕ್ಕೋ ಎಂಬ ಗೊಂದಲ. ಚೌಕ ಖಾಲಿ ಇದ್ದರಂತೂ ಫೋನ್ ನೋಡಿದೆ ಅಂತಲೋ, ಬರೆಯಲು ಮರೆತೆ ಅಂತಲೋ, ಡೈರಿಯನ್ನೇ ತೆರೆಯಲಿಲ್ಲ ಅಂತಲೋ ಗೊತ್ತೇ ಆಗುವುದಿಲ್ಲ. ನೆನಪಿಸಲಿ ಅಂತ ಅಲಾರಂ ಇಟ್ಟೆ. ಅದು ಬಂದದ್ದು ಎಲ್ಲಿಗೆ ಅಂತೀರಿ, ಫೋನಿಗೇ.

ಉಲ್ಟಾ ಲೆಕ್ಕವೂ ಆಯಿತು, ಅಂದರೆ ತಪ್ಪಿದ ದಿನ ಮಾತ್ರ ಚೌಕ ಕಪ್ಪು ಮಾಡುವುದು. ತಿಂಗಳ ಪುಟ ನೋಡಲು ಎಷ್ಟು ಸ್ವಚ್ಛವಾಗಿತ್ತೆಂದರೆ, ಡೈರಿಯ ಮೇಲೆ ಕೂತಿದ್ದ ಧೂಳನ್ನು ನೋಡುವವರೆಗೆ ನನಗೇ ನನ್ನ ಮೇಲೆ ಗೌರವ ಬಂದಿತ್ತು.

ಆಮೇಲೆ ಹಸಿರು-ಕೆಂಪು ಇಂಕಿನ ಪ್ರಯೋಗ. ಕಡುಹಸಿರು ಕೇಳಿದರೆ ಬಂದದ್ದು ನವಿಲು ನೀಲಿ. ಆನ್‌ಲೈನ್ ಅಂಗಡಿಯವರನ್ನು ವಿಚಾರಿಸಿದರೆ ‘ಸ್ಕ್ರೀನಿನಲ್ಲಿ ಬಣ್ಣ ಬೇರೆ ಕಾಣಬಹುದು’ ಎಂಬ ಉತ್ತರ. ಬಾಟಲಿಯಲ್ಲೂ ಬೇರೆ ಕಾಣುತ್ತಿದೆ ಸ್ವಾಮಿ! ಕಾಗದದ್ದು ಇನ್ನೊಂದು ಕತೆ. ಡೈರಿಯ ಹೊದಿಕೆಯ ಮೇಲೆ 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ ತೂಕ) ಅಂತ ಅಚ್ಚಾಗಿದೆ, ಫೌಂಟನ್ ಪೆನ್ ಮುಟ್ಟಿಸಿದರೆ ಫೋನ್ ಸಾಲಿನ ಸೋಲು ಹಿಂದಿನ ಪುಟದ ವ್ಯಾಯಾಮದ ಚೌಕದಲ್ಲಿ ಮೂಡುತ್ತದೆ. ಅನುಮಾನ ಇರುವವರು ಹೀಗೆ ಪರೀಕ್ಷಿಸಿ: ಎ5 ಅಳತೆಯ 32 ಹಾಳೆ ಸೇರಿದರೆ ಒಂದು ಚದರ ಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ 32 ಹಾಳೆ ಇಟ್ಟರೆ ಎಷ್ಟು ಗ್ರಾಂ ಬರುತ್ತದೋ ಅದೇ ಜಿಎಸ್‌ಎಂ. ನನಗೆ ಬಂದದ್ದು 80ರ ಆಸುಪಾಸು. ಇಂಕು ಹಿಂದಕ್ಕೆ ಇಳಿಯುವುದಕ್ಕೆ ತೂಕವೊಂದೇ ಕಾರಣವಲ್ಲ, ಕಾಗದದ ಸೈಜಿಂಗೂ (ಇಂಕು ಹೀರದಂತೆ ಕೊಡುವ ಲೇಪ) ಕಾರಣ ಎಂಬುದು ಗೊತ್ತು. ಆದರೂ ಅಚ್ಚು ಹಾಕಿದ ಸುಳ್ಳು ಸುಳ್ಳೇ.

ಕಾಗದದ ಮಾತು ಬಂತಲ್ಲ, ಮುಂದಿನ ಪ್ರಾಜೆಕ್ಟ್ ಗೋಡೆಗೆ ಹಾಕುವ ವೃತ್ತಾಕಾರದ ವರ್ಷಚಕ್ರ, ವಾರಕ್ಕೊಂದು ಹಲ್ಲು. ಈಗಲೇ ಎಚ್ಚರಿಸಿರುತ್ತೇನೆ: 2026ರ ಜನವರಿ 1 ಗುರುವಾರ, ಹಾಗಾಗಿ ವರ್ಷದೊಳಗಿನ ಗುರುವಾರಗಳಷ್ಟೇ ವಾರ ಎಣಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601ರ ಲೆಕ್ಕದಲ್ಲಿ ಈ ವರ್ಷಕ್ಕೆ 53 ವಾರ. 52 ಹಲ್ಲಿನ ಟೆಂಪ್ಲೇಟ್ ಕತ್ತರಿಸಿ ಇಟ್ಟುಕೊಂಡವರು ಡಿಸೆಂಬರ್ 28ಕ್ಕೆ ಬಂದು ನಿಂತು ಬಾಯಿ ಬಾಯಿ ಬಿಡಬೇಕಾಗುತ್ತದೆ.

ಸರಿ, ಫೋನಿನ ಸಾಲಿಗೆ ಬರೋಣ. ಹೊಸ ವರ್ಷದ ಸಂಕಲ್ಪಗಳ ಮೇಲೆ ಸ್ವೀಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2020ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಬಂದಿದೆ. ‘ಇದನ್ನು ಮಾಡುತ್ತೇನೆ’ ಎಂದುಕೊಂಡವರಲ್ಲಿ ಶೇ 58.9ರಷ್ಟು ಮಂದಿ ವರ್ಷದ ನಂತರ ಗೆದ್ದೆವೆಂದರೆ, ‘ಇದನ್ನು ಬಿಡುತ್ತೇನೆ’ ಎಂದವರಲ್ಲಿ ಹಾಗಂದವರು ಶೇ 47.1. ಅವರವರೇ ಹೇಳಿಕೊಂಡ ಗೆಲುವು ಎಂಬುದು ನೆನಪಿರಲಿ. ಅದಕ್ಕೆ ನನ್ನ ವಿವರಣೆ ಬಹಳ ಸಣ್ಣದು: ಬಿಡುವ ಕೆಲಸಕ್ಕೆ ಗಳಿಗೆ ಇಲ್ಲ. ಗಳಿಗೆ ಇಲ್ಲದ್ದಕ್ಕೆ ಟಿಕ್ ಎಲ್ಲಿಂದ ಬರಬೇಕು?

ಹಾಗಾಗಿ ಸಾಲನ್ನೇ ಬದಲಿಸಿದೆ: ‘ಹಲ್ಲುಜ್ಜಿದ ಕೂಡಲೇ ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕುವುದು’. ‘ಇದಾದಾಗ ಅದು’ ಎಂಬ ಈ ಕಟ್ಟು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಹೇಳುತ್ತ ಬಂದದ್ದೇ. ನಾನು ಸೇರಿಸಿದ್ದು ಮರಗೆಲಸ ಮಾತ್ರ. ಡೈರಿಯನ್ನು ಮೇಜಿನಿಂದ ಎತ್ತಿ ಚಾರ್ಜರಿನ ಪಕ್ಕ ಒಂದು ಪುಟ್ಟ ಹಲಗೆಯ ಮೇಲಿಟ್ಟು, ಪೆನ್ನಿಗೆ ದಾರ ಕಟ್ಟಿದೆ. ಫೋನ್ ಚುಚ್ಚಿದ ಕೈಯೇ ಟಿಕ್ ಹಾಕುತ್ತದೆ. ಈಗ ಖಾಲಿ ಚೌಕಕ್ಕೆ ಒಂದೇ ಅರ್ಥ: ಫೋನ್ ಮಲಗುವ ಕೋಣೆಯೊಳಗೆ ಬಂದಿದೆ.

ಇದೇ ಹುಮ್ಮಸ್ಸಿನಲ್ಲಿ ‘ಸಿಟ್ಟು ಮಾಡಬಾರದು’ ಎಂಬ ಸಾಲಿಗೂ ಕೈ ಹಾಕಿದೆ. ‘ದನಿ ಏರಿದ ಕೂಡಲೇ ಎದ್ದು ನೀರು ಕುಡಿಯುವುದು’ ಅಂತ ಬರೆದದ್ದಾಯಿತು. ಮತ್ತೆ ಗಂಟು! ಸಿಟ್ಟೇ ಬರದ ಒಳ್ಳೆಯ ದಿನದ ಚೌಕವೂ ಖಾಲಿ, ಎದ್ದು ಹೋಗದೆ ಕೂಗಾಡಿದ ದಿನದ್ದೂ ಖಾಲಿ. ಸದ್ಯಕ್ಕೆ ‘ಸಂದರ್ಭವೇ ಬರಲಿಲ್ಲ’ ಎಂಬುದಕ್ಕೆ ಒಂದು ಓರೆಗೆರೆ ಎಳೆಯುತ್ತಿದ್ದೇನೆ, ಮಲಗುವ ಮುನ್ನ ಅದೇ ಹಲಗೆಯ ಹತ್ತಿರ. ಗೆರೆ ಸಾಲುತ್ತದೋ ಇಲ್ಲವೋ ಮಾರ್ಚ್ ಪರಿಶೀಲನೆಯಲ್ಲಿ ನೋಡಬೇಕು. ಅಷ್ಟರಲ್ಲಿ ಬೇರೆ ತೊಂದರೆ ಶುರುವಾಗಿದೆ: ನಿಜವಾಗಿ ಬಾಯಾರಿ ನೀರಿಗೆ ಎದ್ದರೂ ಮನೆಯವರು ‘ಈಗ ನಾವೇನು ಅಂದ್ವಿ?’ ಅಂತ ಕೇಳುತ್ತಾರೆ.