ಹತ್ತು ನಿಮಿಷ ಪೆನ್ನು ನಿಲ್ಲಿಸುವಂತಿಲ್ಲ

ಗೆರೆ ಹಾಕಿದ ಸಾದಾ ನೋಟ್‌ಬುಕ್ಕು, ಒಂದು ಬಾಲ್ ಪೆನ್ನು, ಒಂದು ಪೆನ್ಸಿಲ್ಲು. ಮಾರ್ಚಿನ ಆ ಭಾನುವಾರ ಚಿಕ್ಕಮಗಳೂರಿನ ಮನೆಯೊಂದರ ಹಜಾರದಲ್ಲಿ ಬರವಣಿಗೆಯ ಅಭ್ಯಾಸಕ್ಕೆಂದು ಸೇರಿದ್ದ ಹತ್ತು ಹನ್ನೆರಡು ಜನರಿಗೆ ತರಲು ಹೇಳಿದ್ದು ಇಷ್ಟೇ. ಕಾಫಿ ಕೊಯ್ಲು ಮುಗಿದು, ಮೆಣಸೂ ಮುಗಿಯುತ್ತ ಬಂದು, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ದಿನಗಳು. ತೋಟದವರಿಗೆ ಒಂದು ಮಧ್ಯಾಹ್ನ ಬಿಡುವು ಸಿಗುವುದು ಆಗಲೇ. ಚರ್ಮದ ರಟ್ಟಿನ ಡೈರಿ ಬೇಡವೆಂದು ಮೊದಲೇ ತಿಳಿಸಬೇಕು, ಒಳ್ಳೆಯ ಕಾಗದ ಕಂಡರೆ ಕೈ ಒಳ್ಳೆಯ ವಾಕ್ಯಕ್ಕಾಗಿ ಕಾಯುತ್ತ ಕೂರುತ್ತದೆ. ರಬ್ಬರ್ ಕಣ್ಣೆದುರು ಇರಕೂಡದು. ಮೊಬೈಲಿನಲ್ಲೇ ಬರೆಯುತ್ತೇವೆ ಎಂದವರನ್ನೂ ತಡೆಯಬೇಕಾಯಿತು: ಎರಡು ಅಕ್ಷರ ಒತ್ತುವಷ್ಟರಲ್ಲಿ ಮುಂದಿನ ಪದವನ್ನು ಅದೇ ತೋರಿಸುತ್ತದೆ, ಕಣ್ಣು ಅಲ್ಲಿಗೆ ಹೋಗುತ್ತದೆ, ಬರೆಯುವವರ ಪದ ಹಿಂದುಳಿಯುತ್ತದೆ.

ನಿಯಮ ಒಂದೇ. ಹತ್ತು ನಿಮಿಷ ಪೆನ್ನು ನಿಲ್ಲಬಾರದು. ತಿದ್ದುವಂತಿಲ್ಲ, ಹೊಡೆದುಹಾಕುವಂತಿಲ್ಲ, ಹಿಂದಿನ ಸಾಲು ಓದುವಂತಿಲ್ಲ. ಏನೂ ತೋಚದಿದ್ದರೆ ಕೊನೆಯ ಪದವನ್ನೇ ಮತ್ತೆ ಮತ್ತೆ ಬರೆಯುವುದು. ಬೇಸರಕ್ಕಾದರೂ ಬೇರೆ ಪದ ಬರುತ್ತದೆ. ಬರವಣಿಗೆ ಕಲಿಸುವವರ ನಡುವೆ ಇದನ್ನು ಹರಡಿದವರಲ್ಲಿ ಅಮೆರಿಕದ ಮೇಷ್ಟ್ರು ಪೀಟರ್ ಎಲ್ಬೋ ಮುಖ್ಯರು. 1973ರಲ್ಲಿ ಅವರು ಹಾಕಿಕೊಟ್ಟ ಲೆಕ್ಕ: ಸಲಕ್ಕೆ ಸುಮಾರು ಹತ್ತು ನಿಮಿಷ, ವಾರಕ್ಕೆ ಕನಿಷ್ಠ ಮೂರು ಸಲ. ಅದಕ್ಕೂ ಮುಂಚೆ, 1934ರಲ್ಲಿ, ಅಮೆರಿಕದ ಲೇಖಕಿ ಡೊರೊತಿಯಾ ಬ್ರಾಂಡ್ ಬೆಳಗ್ಗೆ ಅರ್ಧ ಗಂಟೆ ಮುಂಚಿತವಾಗಿ ಎದ್ದು, ಯಾರೊಡನೆಯೂ ಮಾತಾಡದೆ, ಪೇಪರ್ ಓದದೆ ಬರೆಯಿರಿ ಎಂದಿದ್ದರು. ಕೊಯ್ಲಿನ ಕಾಲದಲ್ಲಿ ಬೆಳಗಾದರೆ ಆಳುಗಳ ಹಾಜರಿ ಹಾಕುವ ಮನೆಗಳಲ್ಲಿ ಇದು ನಡೆಯುವ ಮಾತಲ್ಲ. ರಾತ್ರಿ ಊಟಕ್ಕೆ ಮುಂಚಿನ ಹತ್ತು ನಿಮಿಷವೂ ಆದೀತು.

ಮೊದಲ ಮೂರು ನಿಮಿಷ ಕೈ ಸಡಿಲಿಸಲು, ಎಸೆಯುವುದಕ್ಕೇ ಬರೆದದ್ದು. ಅಷ್ಟರಲ್ಲೇ ಒಂದು ಪ್ರಶ್ನೆ ಬಂತು: ‘ಮೇಡಂ, ಭಾರಿಗೆ ದೊಡ್ಡ ಭನಾ?’ ಯಾವ ಭ ಆದರೂ ನಡೆಯುತ್ತದೆ, ಒತ್ತಕ್ಷರ ಬಿಟ್ಟುಹೋದರೂ ನಡೆಯುತ್ತದೆ. ಇದಕ್ಕಿಂತ ದೊಡ್ಡ ತಡೆ ಪುಸ್ತಕದ ಭಾಷೆ. ಬಾಯಲ್ಲಿ ‘ಹೋಗಿದ್ವಿ’ ಎನ್ನುವವರು ಕಾಗದದ ಮೇಲೆ ಅದನ್ನು ‘ತೆರಳಿದ್ದೆವು’ ಮಾಡಲು ಹೋಗಿ ಪ್ರತಿ ವಾಕ್ಯದ ತುದಿಯಲ್ಲೂ ತುಸು ನಿಲ್ಲುತ್ತಾರೆ. ಆ ನಿಲುಗಡೆಯಲ್ಲೇ ತಿದ್ದುವ ಮನಸ್ಸು ಒಳಗೆ ನುಗ್ಗುತ್ತದೆ. ಆದ್ದರಿಂದ ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ ಎಂದು ಬಿಡಿಸಿ ಹೇಳಬೇಕು. ಇಂಗ್ಲಿಷ್ ಪದ ಬಂದರೆ ಕನ್ನಡ ಅಕ್ಷರದಲ್ಲಿ ಬರೆದು ಮುಂದೆ ಹೋಗುವುದು. ಓದಿದವರಿಗೇ ಇದು ಹೆಚ್ಚು ಕಷ್ಟ. ‘ಇಂದಿನ ಆಧುನಿಕ ಯುಗದಲ್ಲಿ’ ಎಂಬ ಪೀಠಿಕೆ ಪರೀಕ್ಷೆ ಮುಗಿದ ಮೇಲೂ ಬೆನ್ನು ಬಿಡುವುದಿಲ್ಲ.

ಮೊದಲ ಸುತ್ತಿಗೆ ಕೊಟ್ಟ ವಿಷಯ ‘ಮಳೆ’. ಬೇಕೆಂದೇ ಅಷ್ಟು ಅಗಲವಾದದ್ದು. ಪುಟ, ಒಂದೂವರೆ ಪುಟ ತುಂಬಿತು: ಮುಂಗಾರು, ಹಸಿರು, ಕಪ್ಪೆ, ಬಿಸಿ ಬಜ್ಜಿ. ಎಲ್ಲರಿಗೂ ಗೊತ್ತಿರುವುದು ಮೊದಲು ಹೊರಗೆ ಬರಲೇಬೇಕು. ಬಾವಿ ಹೂಳೆತ್ತುವಾಗ ಮೊದಲು ಸಿಗುವುದು ಕೆಸರೇ.

ಆಮೇಲೆ ಐದು ನಿಮಿಷ ಪೆನ್ಸಿಲ್ ಹಿಡಿದು ಓದುವುದು. ವಿಚಾರ ಸಿಗುವುದು ಈ ಹೊತ್ತಿನಲ್ಲಿ, ಬರೆಯುವಾಗ ಅಲ್ಲ. ಮನೆಯಲ್ಲಿ ಅಭ್ಯಾಸ ಮಾಡುವವರು ಬಿಟ್ಟುಬಿಡುವ ಹಂತವೂ ಇದೇ. ಚೆಂದದ ವಾಕ್ಯ ಹುಡುಕಬಾರದು. ಬರೆದವರಿಗಷ್ಟೇ ಗೊತ್ತಿರುವ ವಸ್ತು, ಅರ್ಧಕ್ಕೆ ಹೊರಳಿದ ವಾಕ್ಯ, ಸಿಟ್ಟೋ ಸಂಕೋಚವೋ ಇಣುಕಿದ ಜಾಗ, ಇವುಗಳ ಕೆಳಗೆ ಗೆರೆ ಎಳೆಯುವುದು. ಡಿಗ್ರಿ ಓದುತ್ತಿದ್ದ ಹುಡುಗಿಯೊಬ್ಬಳ ಪುಟದಲ್ಲಿ ಹೀಗಿತ್ತು: ‘ಅಜ್ಜ ದಿನಾ ಬೆಳಗ್ಗೆ ಇಂಚು ಸೆಂಟು ಅಂತ ಬರೀತಿದ್ರು ಅದು ಬಿಡಿ.’ ಅವಳು ಗೆರೆ ಎಳೆದದ್ದು ಬೇರೆ ಸಾಲಿಗೆ. ‘ಅದು ಬಿಡಿ’ ಎಂದಿರುವಲ್ಲಿ ಬಿಡಬಾರದು.

ಗೆರೆ ಎಳೆದ ಮೇಲೆ, ಈ ಪುಟ ಎತ್ತ ವಾಲುತ್ತಿದೆ ಎಂದು ಒಂದೇ ವಾಕ್ಯದಲ್ಲಿ ಬರೆದು, ಅಲ್ಲಿಂದ ಎರಡನೇ ಹತ್ತು ನಿಮಿಷ. ಅವಳ ಎರಡನೇ ಪುಟದಲ್ಲಿ ಕಪ್ಪೆಯೂ ಇಲ್ಲ, ಬಜ್ಜಿಯೂ ಇಲ್ಲ. ಅಂಗಳದ ಮಳೆಮಾಪಕ, ಅದರ ನೀರನ್ನು ಅಳತೆಯ ಗಾಜಿಗೆ ಬಗ್ಗಿಸುವ ಅಜ್ಜ, ಕಾಫಿ ತೋಟಗಳಲ್ಲಿ ಇವತ್ತಿಗೂ ಮಾತಿನಲ್ಲಿರುವ ಲೆಕ್ಕ: ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮಳೆ ಪುಸ್ತಕದ ಅಂಚಿನಲ್ಲಿ ‘ಸಂಕ ಮುಳುಗಿತು’ (ಸಂಕ ಅಂದರೆ ಹಳ್ಳದ ಕಾಲುಸೇತುವೆ), ‘ಕೆಂದಿ ಕರು ಹಾಕಿತು’ ಎಂಬ ಟಿಪ್ಪಣಿಗಳು. ಮೂರನೇ ಸುತ್ತು ಆ ಅಂಚಿನಿಂದ ಶುರುವಾಗಿ, ಜುಲೈ ತಿಂಗಳಲ್ಲೇ ಖಾಲಿ ಬಿಟ್ಟ ಕೆಲವು ದಿನಗಳ ಹತ್ತಿರ ಬಂದು ನಿಂತಿತು.

ಅದೇ ಪುಟದಲ್ಲಿ ‘ಒಂದೇ ದಿನ ಹದಿನೆಂಟು ಇಂಚು’ ಎಂದೂ ಇತ್ತು. ಪೆನ್ನು ನಿಲ್ಲುವಂತಿಲ್ಲವಲ್ಲ, ಕೈಗೆ ಬಂದ ಅಂಕಿ ಬಿದ್ದಿದೆ. ವೇಗದ ಬರಹದಲ್ಲಿ ಬಂದ ಇಸವಿ, ಅಂಕಿ, ಇನ್ನೊಬ್ಬರ ಬಾಯಲ್ಲಿಟ್ಟ ಮಾತು ಎಲ್ಲಕ್ಕೂ ಪೆನ್ಸಿಲಿನಿಂದ ಸುತ್ತು ಹಾಕಿ, ಮೂಲ ನೋಡುವ ತನಕ ನಂಬಬಾರದು.

ಯಾರಿಗೂ ಗಟ್ಟಿಯಾಗಿ ಓದಲು ಹೇಳಲಿಲ್ಲ. ಹುಡುಗಿ ತಾನಾಗಿ ತೋರಿಸಿದಳು. ಓದಬೇಕಾಗುತ್ತದೆ ಎಂದು ಗೊತ್ತಾದರೆ ನಾಲ್ಕನೇ ಸಾಲಿನಿಂದಲೇ ಬರಹ ಸಭೆಗೆ ನಮಸ್ಕಾರ ಹಾಕತೊಡಗುತ್ತದೆ. ಮೂರು ಸುತ್ತಾದ ಮೇಲೆ ನಿಲ್ಲಿಸಿದ್ದೂ ಸರಿಯೇ: ಬೆರಳು ನೋಯುತ್ತದೆ, ನಾಲ್ಕನೆಯದು ಮೂರನೆಯದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಒಬ್ಬರು ಮೆಣಸಿನ ಸೊರಗು ರೋಗದ ಬಗ್ಗೆ ಲೇಖನ ಬರೆಯಬೇಕೆಂದು ಬಂದಿದ್ದರು. ಅವರಿಗೆ ಈ ಅಭ್ಯಾಸದಿಂದ ಸಿಕ್ಕಿದ್ದು ಕಡಿಮೆ. ವಿಷಯ ಗೊತ್ತಿದ್ದು ಮಾಹಿತಿ ಇಲ್ಲದಿದ್ದರೆ ಬಳ್ಳಿಯ ಬುಡಕ್ಕೇ ಹೋಗಬೇಕು.

ಪುಟದ ತಲೆಗೆ ತಾರೀಕು ಮತ್ತು ವಿಷಯ ಹಾಕಿ, ಎಡಗಡೆಯ ಪುಟ ಖಾಲಿ ಬಿಟ್ಟು, ವಾರ ಬಿಟ್ಟು ಇನ್ನೊಮ್ಮೆ ಓದಲು ಎಲ್ಲರಿಗೂ ಹೇಳಿಯಾಯಿತು. ಹುಡುಗಿಯ ಎಡಪುಟದಲ್ಲಿ ಹೊರಡುವ ಹೊತ್ತಿಗೇ ಪ್ರಶ್ನೆಗಳಿದ್ದವು: ಪುಸ್ತಕ ಯಾವ ಇಸವಿಯಿಂದ ಇದೆ? ಖಾಲಿ ದಿನಗಳಲ್ಲಿ ಅಜ್ಜ ಎಲ್ಲಿದ್ದರು? ಅಜ್ಜನ ನಂತರ ಬರೆಯುತ್ತಿರುವವರು ಯಾರು, ಅವರೂ ಅಂಚಿನಲ್ಲಿ ಏನಾದರೂ ಬರೆಯುತ್ತಾರಾ?